ಉಪ್ಪುನೀರು, ದಿನಕ್ಕೆ ಆರು ಸಲ

ಮಾರ್ಚ್ 4, ಮಂಗಳವಾರ

ದಂತವೈದ್ಯರ ಕೋಣೆಯ ಗಡಿಯಾರಕ್ಕೆ ಸೆಕೆಂಡಿನ ಮುಳ್ಳಿಲ್ಲ. ಬೆಳಗ್ಗೆ ಆ ಕುರ್ಚಿಯಲ್ಲಿ ಒರಗಿದಾಗ ಮೊದಲು ಕಂಡದ್ದು ಅದು. ಅಲ್ಲಿ ಮಲಗಿದವರು ಸೆಕೆಂಡು ಎಣಿಸಬಾರದೆಂದು ಯಾರೋ ಯೋಚಿಸಿ ಕಿತ್ತಿರಬೇಕು. ಕೀಳುವುದರಲ್ಲಿ ಪಳಗಿದವರೇ ಇರುವ ಜಾಗ.

ಕೆಳದವಡೆಯ ಎಡಗಡೆ ಕೊನೆಯ ಹಲ್ಲು ನೆಟ್ಟಗೆ ಬರುವುದು ಬಿಟ್ಟು ಅಡ್ಡ ಮಲಗಿತ್ತಂತೆ. ನಲವತ್ತು ನಿಮಿಷ, ಮೂರು ಹೊಲಿಗೆ. "ನೋವಾದ್ರೆ ಕೈ ಎತ್ತಿ" ಎಂದಿದ್ದರು ವೈದ್ಯರು. ನಾನು ಎತ್ತಲಿಲ್ಲ. ನೋವಾಗಲಿಲ್ಲವೆಂದಲ್ಲ. ಅವರು ನರ್ಸಿಗೆ ತಮ್ಮ ಮನೆಯ ನೀರಿನ ಪಂಪು ಕೆಟ್ಟ ಕಥೆ ಹೇಳುತ್ತಿದ್ದರು, ಕಥೆ ಇನ್ನೇನು ಮುಗಿಯುವ ಹಂತದಲ್ಲಿತ್ತು. ನಡುವೆ ಕೈ ಎತ್ತುವುದು ಸರಿ ಕಾಣಲಿಲ್ಲ.

ಹೊರಡುವಾಗ ನರ್ಸ್ ಒಂದು ಹಾಳೆ ಕೊಟ್ಟರು. "ಎಲ್ಲಾ ಇದ್ರಲ್ಲಿದೆ. ಓದ್ಕೊಳ್ಳಿ, ಹಾಗೇ ಮಾಡಿ. ಏನಾದ್ರೂ ಕೇಳೋದಿದ್ಯಾ?"

ಬಾಯಿಗೆ ಹತ್ತಿಯುಂಡೆ ಕಚ್ಚಿಸಿದ ಮೇಲೆ ಕೇಳುವ ಪ್ರಶ್ನೆ. ಇಲ್ಲವೆಂದು ತಲೆಯಾಡಿಸಿದೆ.

ಬಸ್ಸಿನಲ್ಲಿ ಹಾಳೆ ಓದಿದೆ. 'ಹಲ್ಲು ಕಿತ್ತ ಮೇಲೆ ಮನೆಯಲ್ಲಿ ಆರೈಕೆ.' ಒಂದು ಪುಟ, ಹನ್ನೊಂದು ಅಂಶ. ಕೆಳಗಿನ ಮೂಲೆಯಲ್ಲಿ ಇರುವೆಯಷ್ಟು ಅಕ್ಷರದಲ್ಲಿ ನಾನು ಕೆಲಸ ಮಾಡುವ ಪ್ರೆಸ್ಸಿನ ಹೆಸರು! ಕಳೆದ ತಿಂಗಳು ಬಂದ ಚಿಲ್ಲರೆ ಕೆಲಸಗಳಲ್ಲಿ ಇದೂ ಒಂದಿರಬೇಕು. ಓದಿದ ನೆನಪಿಲ್ಲ, ಆದರೆ ಓದಿರುತ್ತೇನೆ. ನನ್ನ ಬಾಯಿ ದಾಟದೆ ಅಲ್ಲಿಂದ ಒಂದು ಚೀಟಿಯೂ ಹೊರಬೀಳುವುದಿಲ್ಲ. ಚಟ ಬಿಡದೆ ಇನ್ನೊಮ್ಮೆ ತಪ್ಪು ಹುಡುಕಿದೆ. ಒಂದೂ ಇಲ್ಲ. ಒಂದು ಅಲ್ಪವಿರಾಮ ಕೂಡ ಹೆಚ್ಚುಕಡಿಮೆಯಾಗಿಲ್ಲ. ಪಕ್ಕದಲ್ಲಿ ಕೂತಿದ್ದ ಹೆಂಗಸಿಗೆ ತೋರಿಸಬೇಕೆನಿಸಿತು. ತೋರಿಸಲಿಲ್ಲ.

ಮನೆಗೆ ಬಂದು ಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಐಸನ್ನು ಬಟ್ಟೆಯಲ್ಲಿ ಸುತ್ತಿ ಕೆನ್ನೆಗೆ ಹದಿನೈದು ನಿಮಿಷ ಇಡುವುದು, ಹದಿನೈದು ನಿಮಿಷ ಬಿಡುವುದು. ಎರಡು ದಿಂಬು. ಸ್ಟ್ರಾ ಹಾಕಿ ಹೀರಬಾರದು. ಬಿಸಿ, ಖಾರ, ಗಟ್ಟಿ ಬೇಡ. ನಾಲಿಗೆಯಿಂದ ಗಾಯ ತಡವಬಾರದು. ಆರನೆಯದು: 'ಬೆಚ್ಚಗಿನ ಉಪ್ಪುನೀರಿನಲ್ಲಿ ದಿನಕ್ಕೆ ಆರು ಸಲ ಮೆತ್ತಗೆ ಬಾಯಿ ಮುಕ್ಕಳಿಸಿ.'

ನಾನು ನೀರು ಕಾಯಿಸುವುದನ್ನು ಅಜ್ಜಿ ನೋಡಿದಳು. ಅಜ್ಜಿಯ ಬಾಯಲ್ಲಿ ಒಂದೂ ಹಲ್ಲಿಲ್ಲ, ಸಲಹೆ ಮಾತ್ರ ಮೂವತ್ತೆರಡೂ ಇವೆ. "ಇವತ್ತೇ ಯಾಕೆ ಮುಕ್ಕಳಿಸ್ತೀಯೇ? ನಂದು ಕಿತ್ತಾಗ ಮೊದಲ ದಿನ ಬಾಯಲ್ಲಿ ನೀರಾಡಿಸೋಕೂ ಬಿಟ್ಟಿರ್ಲಿಲ್ಲ" ಎಂದಳು.

ನಾನು ಫ್ರಿಜ್ಜಿನ ಕಡೆ ಬೆರಳು ತೋರಿಸಿದೆ. ಅಚ್ಚಾಗಿರುವ ಮಾತಿನ ಎದುರು ಅಜ್ಜಿಯ ಹತ್ತಿರ ಯಾವ ಆಧಾರವೂ ಇರಲಿಲ್ಲ.

ಮಲಗುವ ಹೊತ್ತಿಗೆ ಆರೂ ಸಲ ಮುಗಿಸಿದೆ. ಒಂದೂ ತಪ್ಪಿಸಲಿಲ್ಲ.

ಮಾರ್ಚ್ 5, ಬುಧವಾರ

ಎಡಕೆನ್ನೆ ಊದಿದೆ. ಒಂದು ಕಡೆಯಿಂದ ನೋಡಿದರೆ ನಾನೇ, ಇನ್ನೊಂದು ಕಡೆಯಿಂದ ನಮ್ಮ ದೊಡ್ಡಮ್ಮ.

ಆದಷ್ಟು ಮಾತಾಡಬೇಡಿ ಎಂದೂ ಹಾಳೆಯಲ್ಲಿದೆ. ಅಮ್ಮ ತನ್ನ ಶಾಲೆಯಿಂದ ಒಂದು ಹಳೆಯ ನೋಟ್‌ಬುಕ್ಕು ತಂದುಕೊಟ್ಟಿದ್ದಾಳೆ. ಅವಳು ಗಣಿತದ ಟೀಚರ್, ಅದರ ತುಂಬ ಚೌಕುಳಿ. ಬೆಳಗ್ಗೆ ಅವಳಿಗೆ ಬರೆದು ತೋರಿಸಿದೆ: 'ಅಮ್ಮಾ, ನಿನಗೆ ಹೊತ್ತಾಗುವುದಿಲ್ಲವೆಂದರೆ, ಹೊರಡುವ ಮೊದಲು ಫ್ರೀಜರಿನಿಂದ ಸ್ವಲ್ಪ ಐಸ್ ತೆಗೆದುಕೊಡಲು ಆಗುತ್ತದೆಯೇ? ಆಗದಿದ್ದರೆ ಪರವಾಗಿಲ್ಲ.' ಓದಿ ಮುಗಿಸುವಷ್ಟರಲ್ಲಿ ಅವಳ ಬಸ್ಸು ಬಂತು.

ಈ ವಾರವೇ ಹಲ್ಲು ಕೀಳಿಸಿಕೊಂಡದ್ದು ತಪ್ಪಾಯಿತೇನೋ. ಈ ತಿಂಗಳ ಕೊನೆಗೆ ಪ್ರೆಸ್ಸಿನಲ್ಲಿ ನನ್ನ ವರ್ಷ ಮುಗಿಯುತ್ತದೆ. ಖಾಯಂ ಮಾಡುವುದೋ, ನಮಸ್ಕಾರ ಹೇಳಿ ಕಳಿಸುವುದೋ, ಯಜಮಾನರು ಆಗ ಹೇಳುತ್ತಾರೆ. ಸಾಹಿತ್ಯ ಓದಿದವಳಿಗೆ ಈ ಪೇಟೆಯಲ್ಲಿ ಇರುವುದು ಅದೊಂದೇ ಕೆಲಸ. ಇದ್ದರೂ ನನಗೆ ಬೇರೆಯದು ಬೇಡ.

ಕೆಲಸ ಇಷ್ಟೇ. ಲೇಖಕರ ಕೈಬರಹವನ್ನು ನಾನು ಗಟ್ಟಿಯಾಗಿ ಓದುತ್ತೇನೆ. ಎದುರಿಗೆ ಕೂತ ಭೂತಗನ್ನಡಿಯವರು ಟೈಪಾಗಿ ಬಂದ ಕರಡಿನ ಮೇಲೆ ಕಣ್ಣಿಟ್ಟು ಕೇಳುತ್ತಾರೆ. ನನ್ನ ಬಾಯಿಂದ ಬಂದದ್ದೂ ಅವರ ಕಣ್ಣಿಗೆ ಕಂಡದ್ದೂ ಹೊಂದದಿದ್ದರೆ "ನಿಲ್ಲು" ಎನ್ನುತ್ತಾರೆ. ವಿರಾಮಚಿಹ್ನೆಗಳನ್ನೂ ಓದಬೇಕು. "ಪ್ರೀತಿಯ ಗ್ರಾಹಕರೇ ಅಲ್ಪವಿರಾಮ ನಿಮ್ಮ ಸಹಕಾರಕ್ಕೆ ವಂದನೆಗಳು ಪೂರ್ಣವಿರಾಮ ಹೊಸ ಪ್ಯಾರಾ." ದಿನಕ್ಕೆ ಎಂಟು ಗಂಟೆ ಮಾತಾಡುತ್ತೇನೆ, ಅದರಲ್ಲಿ ನನ್ನದು ಒಂದು ವಾಕ್ಯವೂ ಇರುವುದಿಲ್ಲ. ಇದಕ್ಕಿಂತ ಹಿತವಾದ ನೌಕರಿ ಇರಲಾರದು.

ಭೂತಗನ್ನಡಿ ಎಂಬುದು ಅವರಿಗೆ ಪ್ರೆಸ್ಸಿನವರು ಇಟ್ಟ ಹೆಸರು. ಮೂವತ್ನಾಲ್ಕು ವರ್ಷದಿಂದ ಅದೇ ಕುರ್ಚಿ. ಜೂನಿನಲ್ಲಿ ನಿವೃತ್ತಿ. ಆದರೆ ಆಮೇಲೂ ಅರ್ಧ ದಿನ ಬನ್ನಿ ಎಂದು ಯಜಮಾನರು ಹೇಳಿದ್ದಾರೆ, ಅದನ್ನು ಅವರು ವಾರಕ್ಕೆ ಎರಡು ಸಲವಾದರೂ ನನಗೆ ತಿಳಿಸುತ್ತಾರೆ. "ಇಡೀ ದಿನ ಮನೇಲಿ ಕೂತ್ರೆ ನಾನು ಗೋಡೆ ಕ್ಯಾಲೆಂಡರಿನ ತಪ್ಪು ತಿದ್ದೋಕೆ ಶುರು ಮಾಡ್ತೀನಿ ಮಗು. ಹೆಂಡ್ತಿ ಓಡಿಸ್ತಾಳೆ."

ಮಧ್ಯಾಹ್ನ ಫೋನು ಮಾಡಿದ್ದರಂತೆ. ಅಜ್ಜಿ ತೆಗೆದುಕೊಂಡು, "ಅವಳು ಮಾತಾಡಲ್ಲ" ಎಂದಳಂತೆ. "ಹಲ್ಲಿದ್ದಾಗ್ಲೂ ಆಡ್ತಿರ್ಲಿಲ್ಲ" ಎಂದರಂತೆ ಅವರು. ಇಬ್ಬರೂ ಅರ್ಧ ಗಂಟೆ ನಕ್ಕರು.

ಉಪ್ಪುನೀರು ಆರು ಸಲ.

ಮಾರ್ಚ್ 6, ಗುರುವಾರ

ಬಾಳೆಹಣ್ಣು. ಮೊಸರು. ಬಾಳೆಹಣ್ಣು. ಉಪ್ಪುನೀರು.

ಮಾರ್ಚ್ 7, ಶುಕ್ರವಾರ

ಊತ ಇಳಿಯಿತು, ನೋವು ಏರಿತು. ಹಾಳೆಯ ಪ್ರಕಾರ ಮೂರನೇ ದಿನದಿಂದ ಇಳಿಯಬೇಕಾದದ್ದು ನೋವು. ಹಲ್ಲಿದ್ದ ಜಾಗದಿಂದ ಹೊರಟು, ಕಿವಿಯಲ್ಲಿ ಸ್ವಲ್ಪ ನಿಂತು, ನೆತ್ತಿಗೆ ಹೋಗಿ, ಬಂದ ದಾರಿಯಲ್ಲೇ ವಾಪಸಾಗುತ್ತದೆ. ಬಾಯಲ್ಲಿ ಕೆಟ್ಟ ವಾಸನೆ. ಮಾತ್ರೆ ಎರಡು ಗಂಟೆ ಮಾತು ಕೇಳುತ್ತದೆ, ಆಮೇಲೆ ಇಲ್ಲ.

ಆಲೂಗಡ್ಡೆ ಬೇಯಿಸಿ ಮಸೆದು ಕೊಟ್ಟಳು ಅಮ್ಮ. ಒಂದು ಚಮಚ ತಿಂದು ಬರೆದೆ: 'ಉಪ್ಪು ಜಾಸ್ತಿ. ಬೇರೆ.' ಅವಳು ನೋಟ್‌ಬುಕ್ಕನ್ನು ಒಂದು ಕ್ಷಣ ನೋಡಿ ಅಡುಗೆಮನೆಗೆ ಹೋದಳು. ಬೇರೆ ಬಂತು.

"ಬಾಯಿ ಹೊಲಿದ ಮೇಲೆ ಇದಕ್ಕೆ ಬಾಯಿ ಬಂದಿದೆ ಕಣೇ" ಎಂದು ಅಜ್ಜಿ ಅಮ್ಮನಿಗೆ ಹೇಳುತ್ತಿದ್ದಳು. ಯಾರ ಬಗ್ಗೆಯೋ.

ಬಾಯಿ ಶುದ್ಧವಾಗಲೆಂದು ಇವತ್ತು ಎಂಟು ಸಲ ಮುಕ್ಕಳಿಸಿದೆ.

ಮಾರ್ಚ್ 8, ಶನಿವಾರ

ಬರೆಯಬೇಕೋ ಬೇಡವೋ ಎಂದು ಮಧ್ಯಾಹ್ನವೆಲ್ಲ ಯೋಚಿಸಿದೆ. ಬರೆಯುತ್ತೇನೆ. ಇದನ್ನು ಯಾರೂ ಓದುವುದಿಲ್ಲ.

ಬೆಳಗ್ಗೆ ಒಂಬತ್ತಕ್ಕೇ ದಂತವೈದ್ಯರಲ್ಲಿಗೆ ಹೋದೆ. ನನಗಿಂತ ಮೊದಲೇ ನಮ್ಮ ಕಟ್ಟಡದ ಕೆಳಮಹಡಿಯ ಟೈಲರು ಬಂದು ಕೂತಿದ್ದರು, ಕೈ ಕೆನ್ನೆಯ ಮೇಲೆ. ಅವರನ್ನು ತುಟಿಯ ನಡುವೆ ಗುಂಡುಸೂಜಿಯಿಲ್ಲದೆ ನೋಡಿದ್ದು ಇದೇ ಮೊದಲು. ಯಾರೋ ಅಪರಿಚಿತರಂತೆ ಕಂಡರು.

"ನಿಮ್ದೂ ಅದೇನಾ?" ಎಂದರು.

ತಲೆಯಾಡಿಸಿದೆ.

"ಹತ್ತು ದಿನ ಆಯ್ತು ನಂದು. ಸೂಜಿ ಕಚ್ಚೋಕಾಗ್ತಿಲ್ಲ. ಸೂಜಿ ಎಲ್ಲಿಟ್ಟೆ ಅಂತ ಹುಡುಕೋದ್ರಲ್ಲೇ ದಿನ ಹೋಗುತ್ತೆ."

ನನ್ನನ್ನು ಕುರ್ಚಿಗೆ ಒರಗಿಸಿ ವೈದ್ಯರು ಟಾರ್ಚು ಬಿಟ್ಟು ನೋಡಿದರು. ಉಸ್ಸೆಂದರು. ಹಲ್ಲು ಕಿತ್ತ ಗುಂಡಿಯಲ್ಲಿ ರಕ್ತ ಹೆಪ್ಪುಗಟ್ಟಿ ಮುಚ್ಚಳದ ಹಾಗೆ ಕೂತಿರಬೇಕಂತೆ. ಅದು ಕಿತ್ತುಹೋಗಿ ಒಳಗಿನ ಮೂಳೆ ಬಯಲಾಗಿದೆ.

"ಮೊದಲ ದಿನ ಬಾಯಿ ಮುಕ್ಕಳಿಸಿದ್ರಾ?"

ಆರು ಬೆರಳು ತೋರಿಸಿದೆ.

"ಅಲ್ರೀ, ಮೊದಲ ದಿನ ಮುಕ್ಕಳಿಸಲೇಬೇಡಿ ಅಂತ ಅಷ್ಟು ಸ್ಪಷ್ಟವಾಗಿ ಹಾಕಿದ್ದೀನಿ! ಓದಲ್ವಾ ಯಾರೂ?"

ನಾನು ಚೀಲದಿಂದ ಹಾಳೆ ತೆಗೆದು ಕೊಟ್ಟೆ. ಬೆಳಗ್ಗೆ ಫ್ರಿಜ್ಜಿನಿಂದ ಬಿಡಿಸಿ ತಂದಿದ್ದೆ. ಅವರು ಓದಿದರು, ಕನ್ನಡಕ ಹಣೆಗೇರಿಸಿ ಮತ್ತೆ ಓದಿದರು. ಆಮೇಲೆ ಪಕ್ಕದ ಸ್ಟೂಲಿನ ಮೇಲೆ ನಿಧಾನಕ್ಕೆ ಕೂತರು.

"ಸಿಸ್ಟರ್, ಈ ಹದಿನೈದು ದಿನದಲ್ಲಿ ಹೀಗೇ ಬಂದೋರು ಎಷ್ಟು ಜನ?"

"ಹೊರಗೆ ಕೂತಿರೋ ಟೈಲರು ಸೇರಿ ಐದು. ಇವರು ಆರು ಸರ್."

"ನನ್ನ ಕೈಯೇ ಹೋಯ್ತೇನೋ ಅಂದ್ಕೊಂಡಿದ್ದೆ" ಎಂದರು ವೈದ್ಯರು. ನಿದ್ದೆ ಬಿಟ್ಟವರ ಮುಖ ಇತ್ತು ಅವರದು, ಆಗ ಗಮನಿಸಿದೆ. "ಹೊಸದಾಗಿ ಪ್ರಿಂಟ್ ಆಗಿ ಬಂದಿದ್ದು ಇದು. ಒಂದು ಸಾಲೇ ಇಲ್ಲ! ಯಾರ್ರೀ ಮಾಡಿದ್ದು ಈ ಘನಂದಾರಿ ಕೆಲಸ?"

ಹಾಳೆ ತಿರುಗಿ ನನ್ನ ಕೈಯಲ್ಲಿತ್ತು. ನನ್ನ ಹೆಬ್ಬೆರಳು ಕೆಳಗಿನ ಮೂಲೆಯಲ್ಲಿತ್ತು, ಪ್ರೆಸ್ಸಿನ ಹೆಸರಿನ ಮೇಲೆ. ಅದು ಅಲ್ಲಿಗೆ ತಾನಾಗಿ ಹೋಯಿತು ಎಂದು ಬರೆಯಲು ಹೊರಟಿದ್ದೆ. ತಾನಾಗಿ ಹೋಗಲಿಲ್ಲ.

ಗುಂಡಿ ತೊಳೆದು, ಲವಂಗದ ವಾಸನೆಯ ಪಟ್ಟಿ ತುರುಕಿದರು. ಎರಡೇ ನಿಮಿಷದಲ್ಲಿ ನೋವು ತಗ್ಗಿತು. ಅಷ್ಟರಲ್ಲಿ ನರ್ಸ್ ಇನ್ನೊಂದು ಹಾಳೆ ತೆಗೆದು ಪ್ರೆಸ್ಸಿನ ಹೆಸರು ಓದಿ ಹೇಳಿದರು, ವೈದ್ಯರು ಅಲ್ಲಿಂದಲೇ ಯಜಮಾನರಿಗೆ ಫೋನು ಹಚ್ಚಿದರು. ಅವರು ಹೇಳಿದ್ದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ವಿರಾಮಚಿಹ್ನೆಗಳೇ ಇರಲಿಲ್ಲ.

ಹೊರಗೆ ಬಂದಾಗ ಟೈಲರಿಗೂ ವಿಷಯ ಕೇಳಿಸಿತ್ತು. "ಆ ಚೀಟಿ ಮಾಡಿದವರ ಬಾಯಿಗೆ ನಾನೇ ಒಂದು ಹೊಲಿಗೆ ಹಾಕ್ತೀನಿ ನೋಡಿ" ಎಂದರು.

ನನಗಾಗಲೇ ಮೂರು ಬಿದ್ದಿವೆ.

ಮಧ್ಯಾಹ್ನವೆಲ್ಲ ಲೆಕ್ಕ ಹಾಕಿದೆ. ವೈದ್ಯರ ಕೈಬರಹದಲ್ಲಿ ಆ ಸಾಲು ಇತ್ತು. ಟೈಪು ಮಾಡುವ ಅಕ್ಕನ ಕಣ್ಣು ಅದನ್ನು ದಾಟಿದೆ. ಅದು ದಿನಾ ಆಗುವಂಥದ್ದು, ಅದನ್ನು ಹಿಡಿಯುವುದಕ್ಕೇ ನಾವಿಬ್ಬರು ಇರುವುದು. ನಾನು ಆ ಸಾಲು ಓದಿದ್ದರೆ ಭೂತಗನ್ನಡಿಯವರಿಗೆ ಕರಡಿನಲ್ಲಿ ಅದು ಸಿಗುತ್ತಿರಲಿಲ್ಲ, "ನಿಲ್ಲು" ಎನ್ನುತ್ತಿದ್ದರು. ಎನ್ನಲಿಲ್ಲ. ಅಂದರೆ ಒಂದೋ ಅವರು ತೂಕಡಿಸಿದ್ದಾರೆ, ಇಲ್ಲವೇ ನಾನೂ ಅದೇ ಸಾಲು ದಾಟಿ ಓದಿದ್ದೇನೆ. ನಾನು ದಾಟಿದ್ದರೆ ಅವರಿಗೆ ಗೊತ್ತಾಗಲು ದಾರಿಯೇ ಇಲ್ಲ. ಇಲ್ಲದ ಸಾಲನ್ನು ಯಾರೂ ಓದಲಿಲ್ಲ, ಯಾರೂ ನೋಡಲಿಲ್ಲ. ಎಲ್ಲ ಸರಿಯಾಗಿ ಹೊಂದಿತು.

ತಿಳಿಯಲು ಒಂದು ಉಪಾಯವಿದೆ. ಓದಿದ ಪ್ರತಿ ಸಾಲಿನ ಪಕ್ಕ, ಕೈಬರಹದ ಅಂಚಿನಲ್ಲಿ, ನಾನು ಪೆನ್ಸಿಲ್ಲಿನಿಂದ ಒಂದು ಚುಕ್ಕೆ ಇಡಬೇಕು. ಅದು ಪ್ರೆಸ್ಸಿನ ಪದ್ಧತಿ. ಆ ಸಾಲಿನ ಪಕ್ಕ ಚುಕ್ಕೆ ಇದ್ದರೆ ನಾನು ಓದಿದ್ದೇನೆ. ಇಲ್ಲದಿದ್ದರೆ ಇಲ್ಲ.

ಚುಕ್ಕೆ ಇರಲಿ.

ಮಾರ್ಚ್ 9, ಭಾನುವಾರ

ಭೂತಗನ್ನಡಿಯವರು ಮನೆಗೆ ಬಂದಿದ್ದರು. ಒಂದು ಕೈಯಲ್ಲಿ ಮೆತ್ತನೆಯ ಕೇಕು, ಇನ್ನೊಂದರಲ್ಲಿ ಫೈಲು. ಕೇಕು ನನಗೆಂದು ತಂದದ್ದು. ಅಜ್ಜಿ ಅದನ್ನು ಪರೀಕ್ಷಿಸಲು ಕೂತವಳು ಪೂರ್ತಿ ಪರೀಕ್ಷಿಸಿದಳು.

"ಎಲ್ಲಿ, ಮುಖ ತೋರ್ಸು" ಎಂದರು ನನಗೆ. ನೋಡಿ, "ಅಚ್ಚು ಸ್ವಲ್ಪ ಹರಡಿದೆ. ಸರಿಹೋಗುತ್ತೆ" ಎಂದರು.

ಆಮೇಲೆ ಫೈಲು ಬಿಚ್ಚಿ ವೈದ್ಯರ ಕೈಬರಹದ ಪುಟ ತೆಗೆದು ನನ್ನ ಮುಂದಿಟ್ಟರು. ಮೇಲೆ ಬೆರಳಿಟ್ಟು ತೋರಿಸಿದರು. ಒಂದರ ಕೆಳಗೆ ಒಂದು, ಎರಡು ಸಾಲು:

'ಬೆಚ್ಚಗಿನ ಉಪ್ಪುನೀರಿನಲ್ಲಿ ಮೊದಲ ದಿನ ಬಾಯಿ ಮುಕ್ಕಳಿಸಲೇಬೇಡಿ. ಎರಡನೇ ದಿನದಿಂದ
ಬೆಚ್ಚಗಿನ ಉಪ್ಪುನೀರಿನಲ್ಲಿ ದಿನಕ್ಕೆ ಆರು ಸಲ ಮೆತ್ತಗೆ ಬಾಯಿ ಮುಕ್ಕಳಿಸಿ.'

ಎರಡೂ ಸಾಲಿಗೆ ಒಂದೇ ಆರಂಭ. ಕಣ್ಣು ಮೊದಲನೆಯದನ್ನು ಹಿಡಿಯಲು ಹೋಗಿ ಎರಡನೆಯದನ್ನು ಹಿಡಿದರೂ ವಾಕ್ಯ ಪೂರ್ತಿಯಾಗಿಯೇ ಇರುತ್ತದೆ. ಮುಗ್ಗರಿಸಿದ್ದು ಕಾಲಿಗೆ ಗೊತ್ತಾಗುವುದಿಲ್ಲ.

"ನೋಡ್ಕೊ. ಚುಕ್ಕೆ ಇದೆ. ನೀನು ಓದಿದ್ದೀಯ" ಎಂದರು.

ಇತ್ತು. ಆ ಸಾಲಿನ ಪಕ್ಕ ಒಂದು ಚುಕ್ಕೆ ಇತ್ತು.

"ಊಟ ಆದ್ಮೇಲೆ ನೋಡಿದ್ದಿದು. ನಾನೇ ತೂಕಡಿಸಿದ್ದೀನಿ. ಯಜಮಾನರಿಗೆ ನಿನ್ನೆ ಫೋನಲ್ಲೇ ಹೇಳ್ಬಿಟ್ಟೆ."

ನಾನು ಬರೆದೆ: 'ಏನಂದರು?'

"ಏನಂತಾರೆ? ಡಾಕ್ಟರು ಅವರಿಗೆ ನೀರಿಳಿಸಿದ್ದಾರೆ, ಅವರು ನಂಗೆ. ಮಂಗಳವಾರ ಹತ್ತಕ್ಕೆ ಫೈಲ್ ತಗೊಂಡು ಬನ್ನಿ ಅಂದಿದ್ದಾರೆ. ಆ ಹಾಳೆಗಳನ್ನೆಲ್ಲ ವಾಪಸ್ ತರಿಸಿ ಹೊಸದು ಹಾಕ್ತಿದ್ದಾರೆ, ಅದಾಯ್ತು."

'ನಿಮ್ಮ ಅರ್ಧ ದಿನ?'

ಅವರು ಅದನ್ನು ಓದಲು ಕನ್ನಡಕ ಸರಿಮಾಡಿಕೊಂಡರು. ಮೂರೇ ಪದ, ಬಹಳ ಹೊತ್ತು ಓದಿದರು. "ಬೇಡ ಅಂದ್ರು. ಒಳ್ಳೇದೇ ಆಯ್ತು ಬಿಡು, ಕಣ್ಣೂ ಅರ್ಧ ಆಗಿದೆ, ಇನ್ನು ಅರ್ಧ ದಿನ ಬಂದು ಏನ್ ಮಾಡ್ಲಿ? ಜೂನ್‌ವರೆಗೂ ಬೇಡ, ಈ ತಿಂಗಳೇ ಸಾಕು ಅಂದ್ರು." ಹೀಗೆಂದು ನಕ್ಕರು. ನಗುವಿನ ಸದ್ದು ಮಾತ್ರ ಇತ್ತು.

ಅಡುಗೆಮನೆಯಿಂದ ಅಮ್ಮ ಕೇಳಿದಳು: "ಹಾಗಾದ್ರೆ ಇವಳಿಗೇನೂ ತೊಂದ್ರೆ ಇಲ್ವಾ?"

"ಇವಳಿಗ್ಯಾಕಮ್ಮ? ಇವಳು ಓದೋಳು. ಓದಿದ್ದಾಳೆ."

ಫೈಲು ಮುಚ್ಚಿ ಕಂಕುಳಿಗೆ ಸೇರಿಸಿಕೊಂಡು ಹೊರಟರು. ಮೆಟ್ಟಿಲಿಳಿಯುವಾಗ ಗೋಡೆ ಹಿಡಿದು ಇಳಿದರು.

ಚುಕ್ಕೆ ಇತ್ತು. ಮಧ್ಯಾಹ್ನ ಎರಡು ಗಂಟೆ ನಿದ್ದೆ ಬಂತು. ಸಂಜೆ ಸೂಪು ಕುಡಿದೆ. ನೋವಿಲ್ಲ.

ಮಾರ್ಚ್ 10, ಸೋಮವಾರ

ನಿನ್ನೆಯ ದಿನಚರಿಯಲ್ಲೂ ನಾನು ಒಂದು ಸಾಲು ಬಿಟ್ಟಿದ್ದೇನೆ.

ನನ್ನ ಚುಕ್ಕೆಗಳಿಗೆ ಬಾಲವಿರುತ್ತದೆ. ಓದುವ ಭರದಲ್ಲಿ ಪೆನ್ಸಿಲ್ಲನ್ನು ಪೂರ್ತಿ ಎತ್ತದೆ ಕೆಳಗಿನ ಸಾಲಿಗೆ ಜಾರಿಸುವುದು ನನ್ನ ಕೆಟ್ಟ ಅಭ್ಯಾಸ. ಅಂಚಿನ ಉದ್ದಕ್ಕೂ ಗೊದಮೊಟ್ಟೆಗಳು ಸಾಲಾಗಿ ಇಳಿಯುತ್ತಿರುವ ಹಾಗೆ ಕಾಣುತ್ತದೆ. "ಏನಿದು, ಕೊಳ ಮಾಡಿಟ್ಟಿದ್ದೀಯ" ಎಂದು ಭೂತಗನ್ನಡಿಯವರು ಎಷ್ಟೋ ಸಲ ಬೈದಿದ್ದಾರೆ. ನಿನ್ನೆ ಆ ಪುಟದಲ್ಲೂ ಎಲ್ಲಕ್ಕೂ ಬಾಲವಿತ್ತು. ಆ ಒಂದು ಸಾಲಿನ ಪಕ್ಕದ ಚುಕ್ಕೆ ಮಾತ್ರ ದುಂಡಗಿತ್ತು. ಒತ್ತಿ ಇಟ್ಟದ್ದು, ಬಾಲವಿಲ್ಲದ್ದು. ಅದರ ಮೇಲಿನ ಸಾಲಿನ ಬಾಲ ಎಲ್ಲಕ್ಕಿಂತ ಉದ್ದವಾಗಿತ್ತು. ಆ ದುಂಡು ಚುಕ್ಕೆಯ ಪಕ್ಕದಲ್ಲೇ ಹಾದು, ನಿಲ್ಲದೆ, ಅದರ ಕೆಳಗಿನ ಸಾಲಿಗೆ ಹೋಗಿ ಮುಟ್ಟಿತ್ತು.

ಕಂಡ ಕೂಡಲೇ ಗೊತ್ತಾಯಿತು. ನಾಳೆ ಗೊತ್ತಾಗಲಿ ಎಂದು ಇಟ್ಟುಕೊಂಡೆ.

ಅವರು ತೂಕಡಿಸಿರಲಿಲ್ಲ. ಆ ಮನುಷ್ಯ ಮೂವತ್ನಾಲ್ಕು ವರ್ಷದಲ್ಲಿ ಕೆಲಸದ ಹೊತ್ತಿನಲ್ಲಿ ತೂಕಡಿಸಿದ್ದೇ ಇಲ್ಲ. ಊಟ ಆದಮೇಲೆ ನಿದ್ದೆ ಬಂದರೆ ನಿಂತುಕೊಂಡು ಕೇಳುತ್ತಾರೆ. ಶನಿವಾರ ಫೋನು ಬಂದ ಮೇಲೆ ಫೈಲು ತೆಗೆದಿದ್ದಾರೆ, ಚುಕ್ಕೆ ಇಲ್ಲದ್ದು ನೋಡಿದ್ದಾರೆ, ನನ್ನ ವರ್ಷ ಮುಗಿಯಲು ಮೂರು ವಾರವಿದೆ ಎಂದು ಅವರಿಗೂ ಗೊತ್ತು. ಪೆನ್ಸಿಲ್ಲು ತೆಗೆದು ಒಂದು ಚುಕ್ಕೆ ಇಟ್ಟಿದ್ದಾರೆ. ಊರಿನವರ ತಪ್ಪನ್ನೆಲ್ಲ ಹಿಡಿದವರು ಖೋಟಾ ಚುಕ್ಕೆ ಇಡುವಾಗ ಬಾಲ ಹಚ್ಚುವುದನ್ನು ಮರೆತರು.

ಹನ್ನೊಂದು ಗಂಟೆಗೆ ಟೈಲರು ಮೇಲೆ ಬಂದರು. ಗುಂಡಿ ಹಾಕಿದ ಅಜ್ಜಿಯ ಕೋಟು ಕೊಡಲು ಬಂದದ್ದು, ಆದರೆ ಬಾಗಿಲಲ್ಲೇ ನಿಂತು ವಿಷಯ ಶುರು ಮಾಡಿದರು. ಅವರ ನೋವು ಕಡಿಮೆಯಾಗಿದೆ. ತುಟಿಯ ನಡುವೆ ಒಂದು ಸೂಜಿ ಮರಳಿ ಬಂದಿದೆ.

"ಗೊತ್ತಾಯ್ತಲ್ಲ ಯಾರು ಅಂತ! ಪ್ರೆಸ್ಸಿನ ಯಜಮಾನ್ರು ಡಾಕ್ಟರ ಹತ್ರ ಬಂದು ಕ್ಷಮೆ ಕೇಳಿದ್ರಂತೆ. ಯಾರೋ ಮುದುಕನಂತೆ. ಕಣ್ಣು ಕಾಣಲ್ಲ, ಕೂತಲ್ಲೇ ಗೊರಕೆ ಹೊಡಿತಾನಂತೆ. ಪಾಪ ಅಂತ ಇಟ್ಕೊಂಡಿದ್ರಂತೆ ಇಷ್ಟು ದಿನ. ಕಳಿಸ್ತಾರಂತೆ ಈಗ."

"ಅಲ್ಲ" ಎಂದೆ.

ಆರು ದಿನದಲ್ಲಿ ನಾನು ಆಡಿದ ಮೊದಲ ಮಾತು. ಧ್ವನಿ ಪಕ್ಕದ ಮನೆಯಿಂದ ಬಂದಂತಿತ್ತು.

"ಏನಲ್ಲ?"

ಮುಂದಿನದು ಬರಲಿಲ್ಲ. ಟೈಲರು "ಇನ್ನೂ ಜಾಸ್ತಿ ಮಾತಾಡ್ಬೇಡಿ, ಹೊಲಿಗೆ ಬಿಚ್ಚುತ್ತೆ" ಎಂದು ವೃತ್ತಿಯವರಂತೆ ಹೇಳಿ ಕೋಟಿನ ಜೊತೆ ಒಳಗೆ ಹೋದರು.

ಯಾರೋ ಮುದುಕ. ನಾನು ಅಲ್ಲೇ ಬಾಗಿಲ ಹತ್ತಿರ ಇದ್ದ ಸ್ಟೂಲಿನ ಮೇಲೆ ಕೂತೆ.

ಊಟವಾದ ಮೇಲೆ ಯಜಮಾನರಿಗೆ ಪತ್ರ ಬರೆಯಲು ಕೂತೆ. 'ಮಾನ್ಯರೇ, ತಮ್ಮ ಅಮೂಲ್ಯ ಸಮಯವನ್ನು ತೆಗೆದುಕೊಳ್ಳುತ್ತಿರುವುದಕ್ಕೆ ಕ್ಷಮೆಯಿರಲಿ.' ಒಟ್ಟು ಹದಿನಾರು ಸಾಲಾಯಿತು. ಸಾಹಿತ್ಯದ ಮೇಷ್ಟ್ರು ನೋಡಿದ್ದರೆ ಮೆಚ್ಚುತ್ತಿದ್ದರು. ಹೇಳಬೇಕಾದ ವಿಷಯ ಹದಿಮೂರನೇ ಸಾಲಿನಲ್ಲಿ, ಒಂದು 'ಬಹುಶಃ'ದ ಹಿಂದೆ ಅಡಗಿ ಕೂತಿತ್ತು. ಹರಿದು ಹಾಕಿದೆ. ಮತ್ತೆ ಬರೆದೆ, ಏಳು ಸಾಲು. ಅದನ್ನೂ ಹರಿದೆ. ಬರೆದುಕೊಟ್ಟರೆ ಅವರು ಅದನ್ನು ಟೈಪಿಸ್ಟ್ ಅಕ್ಕನಿಂದ ಓದಿಸುತ್ತಾರೆ. ನನ್ನ ತಪ್ಪನ್ನೂ ಇನ್ನೊಬ್ಬರು ಗಟ್ಟಿಯಾಗಿ ಓದುವುದು ಬೇಡ.

ಕನ್ನಡಿಯ ಮುಂದೆ ನಿಂತು ಬಾಯಿ ತೆರೆದು ನೋಡಿದೆ. ಎರಡು ಬೆರಳಿನಷ್ಟು ತೆರೆಯುತ್ತದೆ.

ಅಜ್ಜಿ ಕಿಟಕಿಯ ಬಳಿ ಕೂತಿದ್ದಳು. ಹೋಗಿ ಎದುರಿಗೆ ನಿಂತು, "ಅಜ್ಜಿ, ಆ ಸಾಲು ನಾನು ಬಿಟ್ಟು ಓದಿದೆ. ಅವರದ್ದೇನೂ ತಪ್ಪಿಲ್ಲ" ಎಂದೆ.

"ಅಷ್ಟೇನಾ?" ಎಂದಳು. "ಅದಕ್ಕಾ ಬೆಳಗ್ಗೆಯಿಂದ ಬಾಳೆಹಣ್ಣು ಮುಟ್ಟಿಲ್ಲ?"

"ಕೆಲಸ ಹೋಗ್ಬಹುದು."

"ಹೋದ್ರೆ?"

"ಗೊತ್ತಿಲ್ಲ."

ಅಜ್ಜಿ ಒಂದು ಬಾಳೆಹಣ್ಣು ಸುಲಿದು ನನ್ನ ಕೈಗಿಟ್ಟಳು. "ನಿಮ್ಮಮ್ಮಂಗೆ ನಾಳೆ ಹೇಳು. ಇವತ್ತು ಪರೀಕ್ಷೆ ಪೇಪರು ತಂದಿರ್ತಾಳೆ, ಮಕ್ಕಳ ಮಾರ್ಕು ಕಡಿಮೆ ಆಗುತ್ತೆ."

ಅಮ್ಮ ಐದಕ್ಕೆ ಬಂದಳು. ಬೆಳಗ್ಗೆ ಏಳೂವರೆಗೆ ತಿಂಡಿ ಬೇಕೆಂದು ಹೇಳಿದೆ. ಬರೆಯಲಿಲ್ಲ, ಹೇಳಿದೆ. ಯಾಕೆಂದು ಅವಳು ಕೇಳಲಿಲ್ಲ. "ಮೆತ್ತಗಿಂದೇ ಮಾಡ್ತೀನಿ" ಎಂದಳು.

ಫೈಲು ಭೂತಗನ್ನಡಿಯವರ ಹತ್ತಿರವೇ ಇದೆ, ಆದ್ದರಿಂದ ಸಾಕ್ಷಿಯಿಲ್ಲದೆ ಹೇಳಬೇಕು. ಚುಕ್ಕೆ ಇದೆಯಲ್ಲ ಎಂದು ಯಜಮಾನರು ಕೇಳಿದರೆ ಅದು ನನ್ನದಲ್ಲ ಎನ್ನುತ್ತೇನೆ. ಯಾರದ್ದೆಂದು ಕೇಳಿದರೆ, ನನ್ನದಕ್ಕೆ ಬಾಲವಿರುತ್ತದೆ ಎನ್ನುತ್ತೇನೆ. ಮತ್ತೂ ಕೇಳಿದರೆ ಸುಮ್ಮನಿರುತ್ತೇನೆ, ಅದು ನನಗೆ ಬರುತ್ತದೆ.

ನಾಳೆ ಭೂತಗನ್ನಡಿಯವರು ಫೈಲು ಹಿಡಿದು ಯಜಮಾನರ ಕೋಣೆಗೆ ಹೋಗುವುದು ಹತ್ತಕ್ಕೆ. ಯಜಮಾನರು ಬಂದು ಕೂರುವುದು ಒಂಬತ್ತಕ್ಕೆ. ನಾನು ಎಂಟು ಹತ್ತರ ಬಸ್ಸು ಹಿಡಿಯುತ್ತೇನೆ.